ಅಂಬಿ ಹಠ ಮಾಡಲ್ಲ

ಸೀಲಿಂಗಿನ ಮೇಲೆ ಬೆಳಕು ಅಲ್ಲಾಡುತ್ತಿದೆ, ನೀರಿನಿಂದ ಎದ್ದು ಬಂದ ಬೆಳಕು, ಕೆರೆಯ ಮೇಲೆ ಬಿದ್ದ ಬಿಸಿಲು ಕಿಟಕಿ ಹಾದು ಒಳಬಂದು ಬಿಳೀ ಬಣ್ಣದ ಮೇಲೆ ಬಲೆಬಲೆಯಾಗಿ ನಡುಗುತ್ತಿದೆ, ಇದು ಬೆಳಗ್ಗೆಯೋ ಸಂಜೆಯೋ, ಮಧುಶ್ರೀಗೆ ಗೊತ್ತಾಗಲಿಲ್ಲ, ಒಂದು ಗಳಿಗೆ ಊರೇ ಗೊತ್ತಾಗಲಿಲ್ಲ, ತುಮಕೂರಿನ ಉಪ್ಪಾರಹಳ್ಳಿಯ ಮನೆಯಲ್ಲಿ ಮಲಗಿದರೆ ಮೇಲೆ ಫ್ಯಾನಿನ ನೆರಳು ಬಿಟ್ಟು ಇನ್ನೇನೂ ಅಲ್ಲಾಡುವುದಿಲ್ಲ – ಇಲ್ಲ, ಇದು ಕುಣಿಗಲ್, ತಂಗಿ ದೀಪಿಕಾಳ ಮನೆ, ತೆಂಗಿನ ತೋಟ ಮುಗಿದು ಕೆರೆ ಶುರುವಾಗುವ ಕಡೆ ಕಟ್ಟಿದ ಮನೆ, ಶನಿವಾರ, ಹಸಿಮಾವಿನಕಾಯಿ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ಎರಡು ಲೋಟ ಮಜ್ಜಿಗೆ, ಆಮೇಲೆ ಈ ನಿದ್ದೆ, ಹೊತ್ತಿಲ್ಲದ ಹೊತ್ತಿನ ನಿದ್ದೆ, ಏಪ್ರಿಲ್ಲಿನ ಸೆಕೆಯಲ್ಲೂ ಕೆರೆಗಾಳಿಗೆ ಬೆವರೇ ಇಲ್ಲದ ನಿದ್ದೆ, ಎಷ್ಟು ವರ್ಷವಾಯಿತು ಹೀಗೆ ಮಲಗಿ, ಸುಖವಾಗಿದೆ ಅಂದುಕೊಂಡಳು, ಅಂದುಕೊಂಡ ಕೂಡಲೇ ಎದೆಯೊಳಗೆ ಏನೋ ಒಂದು ಜಾರಿ ಕೆಳಗೆ ಬಿದ್ದ ಹಾಗಾಯಿತು, ಏನದು, ಏನನ್ನೋ ಮರೆತಿದ್ದೇನೆ, ಸುಖದ ಪಕ್ಕದಲ್ಲೇ ಏನೋ ಇದೆ, ಮಗ್ಗುಲು ಹೊರಳಿದಳು, ಅಲ್ಲಿ, ನೆಲದ ಮೇಲೆ, ಮಂಚದ ಕಾಲಿಗೆ ಒರಗಿಕೊಂಡು ಅಂಬಿ ಕೂತಿದ್ದಾಳೆ. ದೀಪಿಕಾಳ ಎರಡನೆಯ ಮಗಳು, ಒಂದನೇ ಕ್ಲಾಸು ಮುಗಿಸಿದವಳು, ಗಂಗಾಂಬಿಕೆ ಎಂದು ಯಾರದೋ ಮುತ್ತಜ್ಜಿಯ ಹೆಸರಿಟ್ಟು ಕರೆಯುವುದಕ್ಕೆ ಉದ್ದವಾಯಿತೆಂದು ಎಲ್ಲರೂ ಅಂಬಿ ಮಾಡಿದ ಹುಡುಗಿ, ಒಂದೊಂದೇ ಫ್ರಾಕನ್ನು ಗಲ್ಲದ ಕೆಳಗೆ ಒತ್ತಿ ಹಿಡಿದು, ತೋಳುಗಳನ್ನು ಹಿಂದಕ್ಕೆ ಮಡಿಸಿ, ಬ್ಯಾಗಿನೊಳಗೆ ಇಡುತ್ತಿದ್ದಾಳೆ, ಸದ್ದೇ ಇಲ್ಲದೆ. ಏನ್ ಮಾಡ್ತಿದೀಯ ಕಂದ? ಬಟ್ಟೆ ಮಡಿಸ್ತಿದೀನಿ ದೊಡ್ಡಮ್ಮ. ನಾಳೆ ಸಾಯಂಕಾಲ ಅಲ್ವಾ ನಾವು ಹೋಗೋದು, ಈಗ್ಲೇ ಯಾಕೆ? ಅಜ್ಜಿ ಹೇಳಿದ್ರು, ಈಗ್ಲೇ ಮಡಿಸಿಟ್ಕೊಂಡ್ರೆ ನಾಳೆ ನಿಮ್ಮಮ್ಮಂಗೆ ಕೆಲ್ಸ ಇರಲ್ಲ ಅಂತ. ನಿಮ್ಮಮ್ಮಂಗೆ, ಅಂದರೆ ದೀಪಿಕಾಗೆ, ಅಥವಾ – ಮಧುಶ್ರೀ ಮತ್ತೆ ಸೀಲಿಂಗು ನೋಡಿದಳು.

ರಜಕ್ಕೆ ಕರ್ಕೊಂಡ್ ಹೋಗ್ತಿದಾರೆ, ಎಲ್ಲರೂ ಹಾಗೇ ಹೇಳುತ್ತಿದ್ದಾರೆ, ಬೇಸಿಗೆ ರಜ, ದೊಡ್ಡಮ್ಮನ ಮನೆ, ತುಮಕೂರು, ಆದರೆ ಜೂನಿನಲ್ಲಿ ಎರಡನೇ ಕ್ಲಾಸಿಗೆ ತುಮಕೂರಿನಲ್ಲೇ ಸೀಟು ಆಗಿದೆಯಲ್ಲ, ಚನ್ನೇಶ್ ಮಹಡಿಯ ಚಿಕ್ಕ ರೂಮಿಗೆ ಹಳದಿ ಬಣ್ಣ ಹೊಡೆದದ್ದು ರಜಕ್ಕೆ ಬರುವ ಹುಡುಗಿಗಲ್ಲವಲ್ಲ, ತುಮಕೂರಿನ ಅಂಚಿನ ಸತ್ಯಮಂಗಲದ ಫ್ಯಾಕ್ಟರಿಯಲ್ಲಿ ದಿನವಿಡೀ ನಿಂತು ಬಂದ ಗಂಡ ಸಂಜೆ ಪೇಪರ್ ಟೋಪಿ ಹಾಕಿಕೊಂಡು ಏಣಿ ಹತ್ತುತ್ತಿದ್ದ, ಪೇಂಟರಿಗೆ ಹೇಳ್ರೀ ಅಂದರೆ ಬೇಡ ಮಧು, ಇದನ್ನ ನಾನೇ ಮಾಡ್ತೀನಿ ಅಂದಿದ್ದ, ಅವನ ಹುಬ್ಬಿನ ಮೇಲೆ ಹಳದಿ ಹನಿ. ಇದೆಲ್ಲ ಎಲ್ಲಿಂದ ಶುರುವಾಯಿತು, ಯಾರು ಶುರು ಮಾಡಿದರು, ಯೋಚಿಸಿದಷ್ಟೂ ಎಳೆ ಸಿಗುವುದಿಲ್ಲ, ದೀಪಿಕಾಳ ಮೂರನೆಯ ಹೆರಿಗೆಯ ಮಾರನೇ ದಿನ ಆಸ್ಪತ್ರೆಯ ಮಂಚದ ಪಕ್ಕ ಕೂತು ಮಧುಶ್ರೀ ಕೂಸಿನ ಕಾಲು ಹಿಡಿದುಕೊಂಡಿದ್ದಳು, ಗಂಡುಕೂಸು, ಬಟಾಣಿಕಾಳಿನಂಥ ಬೆರಳು, ಬಿಟ್ಟಿರಲಿಲ್ಲ, ಬಹಳ ಹೊತ್ತು ಬಿಟ್ಟಿರಲಿಲ್ಲವೇನೋ, ದೀಪಿಕಾ ನೋಡುತ್ತಿದ್ದವಳು ಅಕ್ಕ, ಒಬ್ಬಳನ್ನ ನೀನೇ ಇಟ್ಕೊಳೇ ಅಂದಳು, ಅಷ್ಟೇ, ಕರುಳು ಮೆತ್ತಗಾದ ಹೊತ್ತಿನಲ್ಲಿ ಬಂದ ಮಾತು, ಮಧುಶ್ರೀ ನಕ್ಕು ಬಿಡಬಹುದಾಗಿತ್ತು, ಹೋಗೇ ಹುಚ್ಚಿ ಅನ್ನಬಹುದಾಗಿತ್ತು, ಆದರೆ ಬಾಗಿಲಲ್ಲಿ ಫ್ಲಾಸ್ಕು ಹಿಡಿದು ಅಮ್ಮ ನಿಂತಿದ್ದಳು, ಶಕುಂತಲಮ್ಮ, ಗುಬ್ಬಿಯಿಂದ ಬಾಣಂತನಕ್ಕೆ ಬಂದವಳು, ಬಿದ್ದ ಮಾತನ್ನು ನೆಲಕ್ಕೆ ಬೀಳದ ಹಾಗೆ ಹಿಡಿದುಕೊಂಡಳು. ಹೊರಗಿಂದ ಯಾವ್ದೋ ಮಗೂನ ತಂದು ಸಾಕ್ತೀವಿ ಅಂತ ಅರ್ಜಿ ಹಾಕೋಕೆ ಹೋಗಿದ್ಯಲ್ಲ, ನಮ್ಮ ದೇವ್ರು ಗುಬ್ಬಿಯಪ್ಪನೇ ದೀಪಿ ಬಾಯಲ್ಲಿ ನುಡಿಸವ್ನೆ, ಮನೆ ಕೂಸು ಮನೇಲೇ ಇರತ್ತೆ, ಅಂದಳು ಅಮ್ಮ. ಅವತ್ತಿನಿಂದ ಆ ಮಾತು ತಾನಾಗಿ ನಡೆಯತೊಡಗಿತು, ಉರುಳಿಬಿಟ್ಟ ತೆಂಗಿನಕಾಯಿಯ ಹಾಗೆ, ಯಾರೂ ತಳ್ಳದಿದ್ದರೂ, ಯಾರು ಹಿಡಿದು ನಿಲ್ಲಿಸಿದರೆ ಯಾರಿಗೆ ನೋವೋ ಎಂದು ಯಾರೂ ಹಿಡಿಯಲಿಲ್ಲ. ಮತ್ತೆ ಒಬ್ಬಳು ಅಂದರೆ ಯಾವಳು, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ದೊಡ್ಡವಳು ಸಂಧ್ಯಾ ಅಪ್ಪನ ಮಗಳು, ಅಪ್ಪನ ಬೆನ್ನು ಬಿಟ್ಟಿರುವವಳಲ್ಲ, ಕೂಸು ಗಂಡು, ಉಳಿದವಳು ನಡುವಿನವಳು, ಹಾಗೆ ನಿರ್ಧಾರವಾಯಿತೋ, ಅಥವಾ ಹಾಗೆ ನಿರ್ಧಾರವಾಗಲಿಲ್ಲವೋ, ಅಂಬಿ ಹಠ ಮಾಡಲ್ಲ ಕಣೇ ಅಕ್ಕ, ನಿಂಗೇನೂ ತೊಂದ್ರೆ ಕೊಡಲ್ಲ, ಅಂದಿದ್ದಳು ದೀಪಿಕಾ ಫೋನಿನಲ್ಲಿ. ಎಷ್ಟೋ ವರ್ಷ ಬೇಕೆಂದು ಅತ್ತದ್ದು ಈಗ ಮಂಚದ ಕಾಲಿಗೆ ಒರಗಿ ಬಟ್ಟೆ ಮಡಿಸುತ್ತಿದೆ, ಬೆಂಗಳೂರಿನ ಆಸ್ಪತ್ರೆಗಳು, ಹೊಟ್ಟೆಯ ಮೇಲೆ ಸೂಜಿಯ ನೀಲಿ ಕಲೆಗಳು, ಸೋಮವಾರದ ಉಪವಾಸ, ಎಲ್ಲದಕ್ಕೂ ಈಗ ಉತ್ತರ ಬಂದಿದೆ, ಮತ್ತೆ ಯಾಕೆ ಕುಣಿಯಬೇಕು ಅನಿಸುತ್ತಿಲ್ಲ, ಸಂತೋಷ ಅನ್ನುವುದು ಹೀಗೇ ಇರುತ್ತದೋ ಏನೋ, ದೇವಸ್ಥಾನದ ಬಾಗಿಲಲ್ಲಿ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಹೊರಟವರಿಗೆ ಆಗುವ ಹಾಗೆ, ಹಿಮ್ಮಡಿಯಲ್ಲಿ ಏನೋ ಸರಿಯಿಲ್ಲ.

ಬಿಸಿಲು ಇಳಿದ ಮೇಲೆ ಎಲ್ಲರೂ ನೀರಿನ ಹತ್ತಿರ ಹೋಗಿ ಕೂತರು, ಹೊಂಗೆ ಮರದಡಿ ಚಾಪೆ, ಹೊಂಗೆಯ ಹೂವು ಅರಳು ಹುರಿದು ಚೆಲ್ಲಿದ ಹಾಗೆ ನೆಲದ ತುಂಬ, ಕೆರೆ ಹಿಂದಕ್ಕೆ ಸರಿದಿದೆ, ಮಳೆಗಾಲದಲ್ಲಿ ಈ ಮರದ ಬುಡದವರೆಗೂ ನೀರಿರುತ್ತದಂತೆ, ಈಗ ನಡುವೆ ಅಗಲಕ್ಕೆ ಹಸಿಮಣ್ಣು, ಅದರ ಮೇಲೆ ಬೆಳ್ಳಕ್ಕಿಗಳು ಯೋಚಿಸಿ ಯೋಚಿಸಿ ಕಾಲೆತ್ತಿಡುತ್ತಿವೆ, ದೂರದ ಏರಿಯ ಮೇಲೆ ಬಸ್ಸೊಂದು ಆಟಿಕೆಯ ಹಾಗೆ ಹೋಗುತ್ತಿದೆ. ದೀಪಿಕಾಳ ಗಂಡ ಗುರುಪ್ರಕಾಶ್ ರಸ್ತೆಯಿಂದ ಎಳೆ ತಾಳೆಯ ತಾಟಿನಿಂಗು ತಂದ, ಸಿಪ್ಪೆ ಸುಲಿದು ಸುಲಿದು ಬಾಳೆಎಲೆಯ ಮೇಲೆ ಹಾಕುತ್ತ, ತಗೊಳ್ಳಿ ಭಾವ, ಈ ಗಾಳಿ ನಿಮ್ ತುಮ್ಕೂರಲ್ಲಿ ಎಲ್ಲಿ ಸಿಗತ್ತೆ, ಇನ್ಮೇಲೆ ಪ್ರತಿ ಶನಿವಾರ ಬಂದ್ಬಿಡಿ, ಅಂದ, ಅಂದವನು ತಾನೇ ಏನು ಹೇಳಿದೆನೆಂದು ನಿಂತ, ಪ್ರತಿ ಶನಿವಾರ, ಮಗಳನ್ನು ತೋರಿಸಲು. ಚನ್ನೇಶ್ ಬರ್ತೀವಿ ಬರ್ತೀವಿ ಅಂದು ಬಾಯಿಗೆ ತುಂಬಿಕೊಂಡ. ಕೂಸು ದೀಪಿಕಾಳ ಸೆರಗಿನೊಳಗೆ ಹಾಲು ಕುಡಿಯುತ್ತ ಕಾಲಾಡಿಸುತ್ತಿದೆ, ದೀಪಿಕಾ ಕೆರೆ ನೋಡುತ್ತ ಮಾತಾಡುತ್ತಾಳೆ, ಅಕ್ಕ, ರಾತ್ರಿ ನಿದ್ದೆಲಿ ಒದೀತಾಳೆ, ನೀನು ಗೋಡೆ ಕಡೆ ಮಲಗಬೇಡ, ಹೂಂ, ಹಾಲಿಗೆ ಸಕ್ಕರೆ ಜಾಸ್ತಿ ಆದ್ರೆ ಕುಡಿಯಲ್ಲ, ಹೂಂ, ಗುಡುಗು ಅಂದ್ರೆ ಭಯ, ಕಿವಿ ಮುಚ್ಕೊಂಡು ಹಾಡು ಹೇಳ್ಕೋತಾಳೆ, ನೀನು ಜೊತೇಲಿ ಹಾಡಬೇಡ, ಅವಳಿಗೆ ಸಿಟ್ಟು ಬರತ್ತೆ, ಸುಮ್ನೆ ಪಕ್ಕದಲ್ಲಿ ಇರು, ಸಾಕು. ಇಷ್ಟು ಗೊತ್ತಿರುವವಳು ಹೇಗೆ ಕೊಡುತ್ತಾಳೆ, ಮಧುಶ್ರೀ ತಂಗಿಯ ಮುಖ ನೋಡಿದಳು, ಅಥವಾ ಇಷ್ಟು ಗೊತ್ತಿದೆ ಎಂದೇ ಹೇಳುತ್ತಿದ್ದಾಳೋ, ಬೇಡ ಅಕ್ಕ ಎಂಬುದನ್ನೇ ಸಕ್ಕರೆ, ಗುಡುಗು, ಗೋಡೆ ಎಂದು ಹೇಳುತ್ತಿದ್ದಾಳೋ, ದೀಪಿ, ನಿಜ ಹೇಳು ಎಂದು ಕೇಳಬೇಕು, ಈಗಲೇ ಕೇಳಬೇಕು, ಆದರೆ ಕೇಳಿದರೆ ದೀಪಿಕಾ ಅಯ್ಯೋ ಸಂತೋಷವಾಗೇ ಕೊಡ್ತಿದೀನಿ ಅಕ್ಕ ಅಂದುಬಿಟ್ಟರೆ, ಆಗ ಕೊಡಲೇಬೇಕಾಗುತ್ತದೆ, ತೆಗೆದುಕೊಳ್ಳಲೇಬೇಕಾಗುತ್ತದೆ – ಕೇಳಲಿಲ್ಲ. ಸಂಧ್ಯಾ ಕೊನೆಯ ತಾಟಿನಿಂಗಿಗೆ ಕೈ ಹಾಕಿದಾಗ ಅಂಬಿಯ ಕೈಯೂ ಅಲ್ಲೇ ಇತ್ತು, ಅಂಬಿ ಕೈ ತೆಗೆದಳು, ಅಕ್ಕ ತಿನ್ಲಿ, ನಂಗೆ ಸಾಕು. ನೋಡ್ರಿ ಅಳಿಯಂದ್ರೆ, ಎಂಥಾ ಮಗು, ಅಂದಳು ಶಕುಂತಲಮ್ಮ, ಚನ್ನೇಶ್ ಅಂಬಿಯ ತಲೆ ಸವರಿದ, ಅವನ ಕಣ್ಣು ಒದ್ದೆಯಾಗಿದೆ, ಈ ಮನುಷ್ಯನಿಗೆ ಯಾವ ಗೊಂದಲವೂ ಇಲ್ಲವಲ್ಲ, ನನಗೊಬ್ಬಳಿಗೇ ಯಾಕೆ.

ಭಾನುವಾರದ ಬೆಳಗ್ಗೆ ಬಿಸಿಲು ಇನ್ನೂ ಎಳೆಯದಾಗಿದ್ದಾಗ ಅಂಬಿಯೇ ಬಂದು ಕರೆದಳು, ದೊಡ್ಡಮ್ಮ, ಸೌತೆಕಾಯಿ ಕೀಳೋಣ ಬನ್ನಿ, ಸರಿದ ನೀರು ಬಿಟ್ಟುಹೋದ ಕೆರೆಯಂಗಳದಲ್ಲಿ ಯಾರೋ ಸೌತೆ ಹಾಕಿದ್ದಾರೆ, ನೆಂಟರಂತೆ, ಕೇಳಬೇಕಾಗಿಲ್ಲವಂತೆ, ಬಳ್ಳಿ ನೆಲಕ್ಕೆ ಹಬ್ಬಿದೆ, ಹಳದಿ ಹೂವು, ಎಲೆ ಸರಿಸಿದರೆ ಕೆಳಗೆ ತಣ್ಣಗೆ ಕಾಯಿ, ಒಣಗಿದ ಕಡೆ ಮಣ್ಣು ಹಪ್ಪಳದ ಹಾಗೆ ಬಿರಿದು ಅಂಚು ಮೇಲೆದ್ದಿದೆ, ಕಾಲಿಟ್ಟರೆ ಚಟ್ ಅನ್ನುತ್ತದೆ, ಇಬ್ಬರೂ ಬೇಕೆಂದೇ ಅದರ ಮೇಲೇ ನಡೆದರು, ಚಟ್ ಚಟ್, ಮಧುಶ್ರೀ ನಕ್ಕಳು, ಅಂಬಿಯೂ ನಕ್ಕಳು, ಮುಂದಿನ ಹಲ್ಲೊಂದು ಇಲ್ಲ, ಆ ನಗುವಿನಲ್ಲಿ ಒಂದು ಗಳಿಗೆ ಎಲ್ಲ ಸರಿಹೋಯಿತು, ಹೌದು, ಇದೇ, ಇದಕ್ಕೇ ಕಾದದ್ದು, ಕೈಯಲ್ಲಿ ಈ ಪುಟ್ಟ ಕೈ, ಅದರ ಬೆವರು, ಅದರ ಮಣ್ಣು, ಈ ಕೈಯನ್ನು ಜೂನಿನಲ್ಲಿ ಸ್ಕೂಲಿನ ಗೇಟಿನವರೆಗೆ ಹಿಡಿದುಕೊಂಡು ಹೋಗುತ್ತೇನೆ, ಕಾಲೇಜಿನ ಲೈಬ್ರರಿಗೆ ಅರ್ಧ ಗಂಟೆ ತಡವಾಗಿ ಬರುತ್ತೇನೆಂದು ಹೇಳುತ್ತೇನೆ, ಮಗೂನ ಬಿಟ್ಟು ಬರ್ಬೇಕು ಸಾರ್ ಅಂತ, ಆ ವಾಕ್ಯವನ್ನು ಎಷ್ಟು ಜನ ಸಹೋದ್ಯೋಗಿಗಳ ಬಾಯಲ್ಲಿ ಕೇಳಿ ಹೊಟ್ಟೆಕಿಚ್ಚು ಪಟ್ಟಿದ್ದಾಳೆ, ಮಗೂನ ಬಿಟ್ಟು ಬರ್ಬೇಕು. ನೀರಿನ ಅಂಚಿಗೆ ಬಂದಾಗ ಅಂಬಿ ನಿಂತಳು, ಸೌತೆಕಾಯಿಯ ಮುಳ್ಳುಮುಳ್ಳು ಸಿಪ್ಪೆಯನ್ನು ಹೆಬ್ಬೆರಳಲ್ಲಿ ಉಜ್ಜುತ್ತ, ಮುಖ ಎತ್ತದೆ ಕೇಳಿದಳು, ದೊಡ್ಡಮ್ಮ, ನಿಮ್ಮನೇಲಿ ನಾನು ಹಠ ಮಾಡಿದ್ರೆ ವಾಪಸ್ ಕಳಿಸ್ಬಿಡ್ತೀರಾ? ಪಾಪದ್ದು, ಎಷ್ಟು ಹೆದರಿದೆ, ಮಧುಶ್ರೀ ಮಂಡಿಯೂರಿ ಕೂತಳು, ಸೀರೆಯ ಅಂಚು ಕೆಸರಿಗೆ ಬಿತ್ತು, ಬೀಳಲಿ, ಎರಡೂ ಕೈಯಲ್ಲಿ ಆ ಮುಖ ಹಿಡಿದು ಇಲ್ಲ ಕಂದ, ಯಾವತ್ತೂ ಕಳಿಸಲ್ಲ, ನೀನು ಎಷ್ಟ್ ಬೇಕಾದ್ರೂ ಹಠ ಮಾಡು, ಮನೆಯೆಲ್ಲ ಒಡ್ದಾಕು, ಆದ್ರೂ ಕಳಿಸಲ್ಲ, ನಾನು ಸತ್ರೂ ಕಳಿಸಲ್ಲ, ಅಂದಳು. ಅಂಬಿ ತಲೆಯಾಡಿಸಿದಳು. ಸರಿ ಅಂದಳು. ಸೌತೆಕಾಯಿಯನ್ನು ಮಧುಶ್ರೀಯ ಕೈಗೆ ಕೊಟ್ಟು ಮನೆಯ ಕಡೆ ತಿರುಗಿ ನಡೆದಳು, ಬರುವಾಗ ತುಳಿದ ಹಾಗೆ ಬಿರುಕು ಮಣ್ಣನ್ನು ತುಳಿಯಲಿಲ್ಲ, ಹಸಿಯಿರುವಲ್ಲಿ ನೋಡಿ ನೋಡಿ ಕಾಲಿಟ್ಟಳು, ಸದ್ದಾಗದ ಹಾಗೆ. ಮಗುವಿಗೆ ಸಮಾಧಾನವಾಯಿತು ಅಂದುಕೊಂಡಳು ಮಧುಶ್ರೀ, ಕೈಯಲ್ಲಿ ಸೌತೆಕಾಯಿ ಹಿಡಿದು, ಸಮಾಧಾನವಾಯಿತಲ್ಲವೇ, ಆಗಿರಬೇಕು, ಇಷ್ಟು ಒಳ್ಳೆಯ ಮಾತು ಹೇಳಿದ್ದೇನೆ, ಮತ್ತೆ ಆ ಬೆನ್ನು ಯಾಕೆ ಹಾಗಿತ್ತು.

ಮಧ್ಯಾಹ್ನದ ಊಟಕ್ಕೆ ಒಬ್ಬಟ್ಟು, ಮಗಳನ್ನು ಕಳಿಸಿಕೊಡುವಾಗ ಸಿಹಿ ಬೇಡವೇ ಅಂದಳು ಅಮ್ಮ, ಮಗಳನ್ನು ಕಳಿಸಿಕೊಡುವುದು, ಮದುವೆಯ ಮಾತು, ಏಳು ವರ್ಷವೂ ತುಂಬದ ಹುಡುಗಿಗೆ ಮದುವೆಯ ಮಾತು, ಹಜಾರದಲ್ಲಿ ಎಲ್ಲರೂ ಸಾಲಾಗಿ ಕೂತಿದ್ದಾರೆ, ಕಿಟಕಿಯಲ್ಲಿ ಕೆರೆ ಉರಿಯುತ್ತಿದೆ, ದೀಪಿಕಾ ತುಪ್ಪ ಬಡಿಸುತ್ತ ಬರುತ್ತಿದ್ದಾಳೆ, ಆಗ ಅಂಬಿ ಅಂದಳು, ಅಮ್ಮ, ಉಪ್ಪು ಕೊಡಿ. ದೀಪಿಕಾಳ ಕೈ ಉಪ್ಪಿನ ಬಟ್ಟಲಿಗೆ ಹೋಯಿತು, ಹೋದದ್ದು ಅಲ್ಲೇ ನಿಂತಿತು, ಯಾಕೆಂದರೆ ಅಂಬಿ ದೀಪಿಕಾಗೆ ಯಾವತ್ತೂ ಕೊಡಿ ಅಂದವಳಲ್ಲ, ಅಮ್ಮ ಕೊಡು, ಅಮ್ಮ ಬಾರೇ, ಹೋಗಮ್ಮ ನೀನು, ಹಾಗೆ, ಕೊಡಿ ಅನ್ನುವುದು ದೊಡ್ಡಮ್ಮನಿಗೆ, ಬಹುವಚನ ಮಧುಶ್ರೀಗೆ. ಯಾರೂ ಅಗಿಯಲಿಲ್ಲ. ನಾನೇ ಹೇಳ್ಕೊಟ್ಟಿದ್ದು, ಅಲ್ಲಿಗೆ ಹೋದ್ಮೇಲೆ ಅಭ್ಯಾಸ ಆಗ್ಬೇಕಲ್ಲ, ಜಾಣೆ, ನೆನಪಿಟ್ಕೊಂಡೈತೆ ನೋಡು, ಅಂದಳು ಶಕುಂತಲಮ್ಮ, ಅವಳ ದನಿಯೂ ಕೊನೆಗೆ ಸ್ವಲ್ಪ ಮುರಿಯಿತು, ಎರಡು ದಾರಿಯಲ್ಲೂ ಅವಳ ಮಗಳೇ ಇದ್ದಾಳಲ್ಲ, ಒಬ್ಬಳಿಗೆ ಕೊಡಿಸಲು ಒಬ್ಬಳಿಂದ ಕೀಳಬೇಕು. ದೀಪಿಕಾ ಕೈ ಹಿಂದಕ್ಕೆ ತೆಗೆದು ತುಪ್ಪದ ಪಾತ್ರೆ ಹಿಡಿದು ಅಡುಗೆಮನೆಗೆ ಹೋದಳು, ನಲ್ಲಿ ಬಿಟ್ಟ ಸದ್ದು, ಪಾತ್ರೆಯಿಲ್ಲದೆ ಬರೀ ನೀರು ಸುರಿಯುವ ಸದ್ದು. ಮಧುಶ್ರೀ ಉಪ್ಪು ಹಾಕಿದಳು, ಅಂಬಿಯ ಎಲೆಯ ತುದಿಗೆ, ಅಮ್ಮ ಎಂದು ಕರೆಸಿಕೊಂಡಳು, ಜೀವಮಾನದಲ್ಲಿ ಮೊದಲನೇ ಸಲ, ಅದು ಹೀಗೆ ಉಪ್ಪಿಗಾಗಿ ಬರುತ್ತದೆಂದು ಅಂದುಕೊಂಡಿರಲಿಲ್ಲ, ಕಿವಿಯಲ್ಲಿ ಸಿಹಿಯಾಗಿದೆ, ನಿಜವಾಗಿಯೂ ಸಿಹಿಯಾಗಿದೆ, ಆ ಸಿಹಿಗೇ ನಾಚಿಕೆಯಾಗುತ್ತಿದೆ, ಇನ್ನೊಮ್ಮೆ ಕರೆಯಲಿ ಅನಿಸುತ್ತಿದೆ, ಕರೆಯದಿದ್ದರೆ ಸಾಕು ಅನಿಸುತ್ತಿದೆ.

ಹೊರಟಾಗ ಬಿಸಿಲು ತೆಂಗಿನ ತಲೆಗಳ ಮೇಲೆ ಮಾತ್ರ ಉಳಿದಿತ್ತು, ದೀಪಿಕಾ ಅಂಬಿಗೆ ಎರಡು ಜಡೆ ಹಾಕಿದಳು, ಎಷ್ಟು ಬಿಗಿಯಾಗಿ ಅಂದರೆ ಮಗುವಿನ ಹುಬ್ಬು ಮೇಲೆ ಎಳೆದುಕೊಂಡಿತ್ತು, ಕಾರಿನವರೆಗೆ ಬರಲಿಲ್ಲ, ಕೂಸು ಎದ್ದಿದೆ ಅಂದು ಒಳಗೇ ಉಳಿದಳು, ಅಜ್ಜಿ ವಿಭೂತಿ ಹಚ್ಚಿ ಮಡಿಲಿಗೆ ತೆಂಗಿನಕಾಯಿ ಇಟ್ಟಳು, ಸಂಧ್ಯಾ ಓಡಿಬಂದು ತನ್ನ ಪೆನ್ಸಿಲ್ ಬಾಕ್ಸು, ಯಾರಿಗೂ ಮುಟ್ಟಲು ಬಿಡದ ಬಾಕ್ಸು, ಕಿಟಕಿಯೊಳಗೆ ತುರುಕಿ ಓಡಿಹೋದಳು, ಗುರುಪ್ರಕಾಶ್ ಹಿಂದಿನ ಸೀಟಿನಲ್ಲಿ ಮಗಳನ್ನು ಕೂರಿಸಿ ಬೆಲ್ಟು ಎಳೆದು ಕಟ್ಟಿ, ದೊಡ್ಡಮ್ಮಂಗೆ ತೊಂದ್ರೆ ಕೊಡ್ಬೇಡ ಮಗಳೇ, ಅಂದ, ಬಾಗಿಲು ಹಾಕಲು ಎರಡು ಸಲ ಬೇಕಾಯಿತು ಅವನಿಗೆ. ಅಂಬಿ ಅಳಲಿಲ್ಲ. ಕೈ ಬೀಸಿದಳು. ಬೀಸುವುದು ಮುಗಿದ ಮೇಲೆ ಎರಡೂ ಕೈಯಲ್ಲಿ ಎದೆಯ ಮೇಲಿನ ಬೆಲ್ಟನ್ನು ಹಿಡಿದುಕೊಂಡಳು, ಮುಂದಿನ ಸೀಟಿನಿಂದ ತಿರುಗಿದ ಮಧುಶ್ರೀಗೆ ಅದು ಕಂಡಿತು, ಕಪ್ಪು ಪಟ್ಟಿಯ ಮೇಲೆ ಒಂದರ ಕೆಳಗೊಂದು ಎರಡು ಮುಷ್ಟಿ. ಕಾರು ಹೆಬ್ಬೂರಿನ ದಾರಿ ಹಿಡಿಯಿತು, ಚನ್ನೇಶ್ ಹಾಡುತ್ತಿದ್ದಾನೆ, ಹಾಡಲು ಬಾರದವನು, ಅಂಬಿ ಪುಟ್ಟ, ನಿನ್ ರೂಮಿಗೆ ಯಾವ ಕಲರ್ ಗೊತ್ತಾ, ಗೊತ್ತು ದೊಡ್ಡ – ಅಪ್ಪ, ಹಳದಿ, ಅಂದಿತು ಹಿಂದಿನ ದನಿ, ದೊಡ್ಡ ಮತ್ತು ಅಪ್ಪದ ನಡುವೆ ಒಂದು ತಡೆ, ಒಂದು ಎಡವು, ಚನ್ನೇಶ್ ಅದನ್ನು ಕೇಳಿಸಿಕೊಳ್ಳಲಿಲ್ಲ, ಅಪ್ಪ ಎಂಬುದನ್ನಷ್ಟೇ ಕೇಳಿಸಿಕೊಂಡ, ಮಧುಶ್ರೀಯ ಕೈ ಹಿಡಿದು ಒತ್ತಿದ. ಆಗ, ಯಾವ ಸೂಚನೆಯೂ ಇಲ್ಲದೆ, ರಸ್ತೆಬದಿಯ ಹುಣಸೆಮರಗಳು ಒಂದೊಂದಾಗಿ ಹಿಂದೆ ಹೋಗುತ್ತಿದ್ದಾಗ, ಬೆಳಗಿನ ಆ ಮಾತು ತಾನಾಗಿ ಮಗುಚಿಕೊಂಡಿತು, ಹಠ ಮಾಡಿದ್ರೆ ವಾಪಸ್ ಕಳಿಸ್ಬಿಡ್ತೀರಾ, ಅದು ಭಯದ ಪ್ರಶ್ನೆಯಲ್ಲ, ದಾರಿ ಕೇಳಿದ್ದು ಅದು, ಮನೆಗೆ ಬರುವುದು ಹೇಗೆಂದು ದಾರಿ ಕೇಳಿತ್ತು ಮಗು, ಹಠ ಮಾಡಿದರೆ ಸಾಕೇ, ಎಷ್ಟು ಮಾಡಬೇಕು, ಅಂತ, ನಾನು ಮಂಡಿಯೂರಿ ಕೂತು, ಮುಖ ಹಿಡಿದು, ಮುದ್ದು ಮಾಡಿ, ಇದ್ದ ಒಂದೇ ದಾರಿಗೆ ಬೇಲಿ ಹಾಕಿದೆ, ಮನೆಯೆಲ್ಲ ಒಡೆದರೂ ಕಳಿಸಲ್ಲ, ಸತ್ತರೂ ಕಳಿಸಲ್ಲ. ಸರಿ ಅಂದಿತು ಅದು. ಸರಿ.

ಹೆಬ್ಬೂರಿನಲ್ಲಿ ಐಸ್‌ಕ್ರೀಮಿಗೆ ನಿಲ್ಲಿಸಿದರು, ಅಂಬಿ ಕಪ್ಪನ್ನು ಗಲ್ಲದ ಹತ್ತಿರ ಹಿಡಿದು ಒಂದು ಹನಿಯೂ ಸೀಟಿನ ಮೇಲೆ ಬೀಳದ ಹಾಗೆ ತಿಂದಳು, ಆ ಎಚ್ಚರ, ಅದನ್ನು ನೋಡಲಾಗಲಿಲ್ಲ ಮಧುಶ್ರೀಗೆ, ರೀ, ವಾಪಸ್ ತಿರುಗಿಸಿ ಅಂದಳು. ಏನ್ ಮರ್ತ್ ಬಂದೆ? ಏನೂ ಮರ್ತಿಲ್ಲ, ಅವಳನ್ನ ಅವರಮ್ಮನ ಹತ್ರ ಬಿಟ್ಟು ಬರೋಣ. ಚನ್ನೇಶ್ ಅಂಗಡಿಯ ಬೋರ್ಡು ನೋಡುತ್ತ ನಿಂತ, ಕೈಯಲ್ಲಿದ್ದ ಐಸ್‌ಕ್ರೀಮು ಕರಗಿ ಮಣಿಕಟ್ಟಿಗೆ ಇಳಿಯಿತು, ಮಧು, ನಿಂಗೆ ತಲೆಗಿಲೆ ಕೆಟ್ಟಿದ್ಯಾ, ಅಂದ ತಗ್ಗಿದ ದನಿಯಲ್ಲಿ, ಮಗು ಆರಾಮಾಗಿದೆ, ನಗ್ತಿದೆ, ನಿನ್ನೆಯಿಂದ ಒಂದು ಸಲ ಅತ್ತಿದ್ಯಾ? ಅದಕ್ಕೇರಿ, ಅಂದಳು ಅವಳು, ಅದಕ್ಕೇ. ಇಷ್ಟು ದಿನ ಬೇಕು ಬೇಕು ಅಂತಿದ್ದೋಳು ನೀನು, ನನ್ನನ್ನ ಒಂದು ಮಾತು ಕೇಳ್ಬೇಕು ಅನಿಸ್ಲಿಲ್ವಾ, ನಂಗೂ ಬೇಕಾಗಿತ್ತು ಕಣೇ, ನಾನು ಬಾಯ್ಬಿಟ್ಟು ಅಳ್ಲಿಲ್ಲ ಅಷ್ಟೇ, ಅಂದ ಅವನು, ಇವನನ್ನೂ ನೋಯಿಸುತ್ತಿದ್ದೇನೆ, ಸರಿ ಯಾವುದು ತಪ್ಪು ಯಾವುದು, ಯಾರಾದರೂ ಹೇಳಬಾರದೇ, ರಸ್ತೆಯಲ್ಲಿ ಹೋಗುವವರು ಯಾರಾದರೂ. ಚನ್ನೇಶ್ ಕೈ ಒರೆಸಿಕೊಂಡ, ಕಾರು ತಿರುಗಿಸಿದ. ಹಿಂದೆ ಹೋಗಿದ್ದ ಮರಗಳು ಈಗ ಎದುರಿನಿಂದ ಬರುತ್ತಿವೆ, ಹೋಗುವಾಗ ಬಲಕ್ಕಿದ್ದ ದೇವಸ್ಥಾನ ಎಡಕ್ಕೆ ಬಂತು, ಅಂಬಿ ಕಿಟಕಿಗೆ ಹಣೆ ಹಚ್ಚಿ ನೋಡಿದಳು, ಅರ್ಥಮಾಡಿಕೊಂಡಳು, ಮಧುಶ್ರೀ ಕಾದಳು, ಈಗ ಮುಖ ಅರಳುತ್ತದೆ, ಈಗ ಹಲ್ಲಿಲ್ಲದ ಆ ನಗು – ಯಾಕೆ ವಾಪಸ್ ಹೋಗ್ತಿದೀವಿ, ಕೇಳಿತು ಸಣ್ಣ ದನಿ, ನಾನು ಹಠ ಮಾಡ್ಲಿಲ್ವಲ್ಲ. ಚನ್ನೇಶ್ ಕನ್ನಡಿಯಲ್ಲಿ ನೋಡಿದ. ಇಲ್ಲ ಕಂದ, ನೀನು ಹಠ ಮಾಡ್ಲಿಲ್ಲ, ಅಂದಳು ಮಧುಶ್ರೀ, ನೀನು ಜಾಣೆ. ಐಸ್‌ಕ್ರೀಮು ಚೆಲ್ಲಿಲ್ಲ ನಾನು. ಇಲ್ಲ ಕಂದ. ಅಮ್ಮ ಅಂತ ಕರೆದೆ. ಹೂಂ. ಅಪ್ಪ ಅಂತನೂ ಕರೆದೆ. ಮಧುಶ್ರೀ ತಿರುಗಿ ನೋಡಿದರೆ ಬೆಲ್ಟಿನ ಮೇಲೆ ಮುಷ್ಟಿಗಳು ಮತ್ತೆ ಬಿಗಿದಿವೆ, ಹಾಗಾದರೆ ಬೆಳಗ್ಗೆ ಕೇಳಿದ್ದು ಯಾವ ಪ್ರಶ್ನೆ, ಭಯದ್ದೋ ದಾರಿಯದ್ದೋ, ನಾನು ಎರಡು ಸಲವೂ ತಪ್ಪಾಗಿಯೇ ಕೇಳಿಸಿಕೊಂಡೆನೋ, ಬೆಳಗ್ಗೆ ಕಳಿಸಲ್ಲ ಎಂದು ಮುರಿದೆ, ಸಂಜೆ ಕಳಿಸುತ್ತೇನೆಂದು ಮುರಿಯುತ್ತಿದ್ದೇನೆ, ತಿರುಗಿಸಿ ಅನ್ನಲೇ, ಮತ್ತೆ ತಿರುಗಿಸಿ ಅನ್ನಲೇ, ತುಮಕೂರಿಗೆ ಕುಣಿಗಲ್ಲಿಗೆ ತುಮಕೂರಿಗೆ, ಹೀಗೇ ಈ ರಸ್ತೆಯಲ್ಲೇ – ಅನ್ನಲಿಲ್ಲ.

ಕೆರೆ ಕಂಡಿತು, ಬೂದಿ ಬಣ್ಣದ ನೀರು, ಹಕ್ಕಿಗಳು ಮರಕ್ಕೆ ಮರಳುವ ಗಲಾಟೆ, ತೋಟದ ದಾರಿಯಲ್ಲಿ ಕಾರಿನ ದೀಪ ಬಿದ್ದಾಗ ಮನೆಯ ಬಾಗಿಲು ತೆರೆದೇ ಇತ್ತು, ಜಗಲಿಯ ಮೇಲೆ ದೀಪಿಕಾ ಕೂತಿದ್ದಳು, ಅವರು ಹೊರಟ ಮೇಲೆ ಬಂದು ಕೂತವಳು ಎದ್ದೇ ಇಲ್ಲವೇನೋ, ದೀಪ ಹಚ್ಚಿರಲಿಲ್ಲ, ಒಳಗೆ ಕೂಸು ಅಳುತ್ತಿತ್ತು, ಶಕುಂತಲಮ್ಮನ ಜೋ ಜೋ ಕೇಳುತ್ತಿತ್ತು. ಕಾರು ನೋಡಿ ದೀಪಿಕಾ ಎದ್ದಳು, ಬರಿಗಾಲಲ್ಲಿ ಓಡಿಬಂದಳು, ಅರ್ಧ ಅಂಗಳ ಓಡಿ ನಿಂತಳು, ಓಡಬಹುದೋ ಓಡಬಾರದೋ ಎಂದು ಅವಳ ಕಾಲಿಗೇ ಗೊತ್ತಾಗಲಿಲ್ಲ. ಏನಾಯ್ತಕ್ಕ? ಮಧುಶ್ರೀ ಇಳಿದಳು, ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು, ಒಂದೂ ಉಳಿದಿಲ್ಲ, ಇಲ್ಲೇ ಇರ್ಲಿ ದೀಪಿ, ರಜಕ್ಕೆ ಬರ್ಲಿ, ರಜಕ್ಕೆ ಮಾತ್ರ. ನಿಂಗೆ ಬೇಡ್ವಾ ಅಕ್ಕ? ದೀಪಿಕಾ ಗಟ್ಟಿಯಾಗಿಯೇ ಕೇಳಿದಳು, ಕಾರಿನ ಕಿಟಕಿ ತೆರೆದಿತ್ತು. ಬೇಕು, ಅಂದಳು ಮಧುಶ್ರೀ, ಬೇಕು ಕಣೇ, ಮತ್ತೆ ನಿಂಗೆ? ದೀಪಿಕಾ ಬಾಯಿ ತೆರೆದಳು, ಹೊರಬಂದದ್ದು ಒಂದು ಸದ್ದು, ಬಾವಿಯಿಂದ ಬಂದ ಹಾಗೆ, ಅಕ್ಕನ ತೋಳು ಹಿಡಿದು ಹಾಗೇ ಕೆಳಗೆ ಕುಸಿದು ಅತ್ತಳು, ನಾನ್ ಯಾಕೆ ಅಂದ್ನೋ ಅವತ್ತು, ನೀನು ಆ ಕೂಸಿನ ಕಾಲು ಹಿಡ್ಕೊಂಡಿದ್ದು ನೋಡಿ ಅಂದ್ಬಿಟ್ಟೆ, ಅಂದ್ಮೇಲೆ ಹೆಂಗಕ್ಕ ಇಲ್ಲ ಅನ್ಲಿ ನಿಂಗೆ, ನೀನೇ ಬೇಡ ಅಂತೀಯೇನೋ ಅಂತ ದಿನಾ ಕಾಯ್ತಿದ್ದೆ. ಬಾಗಿಲಲ್ಲಿ ಅಮ್ಮ ಬಂದು ನಿಂತಳು, ಹೆಗಲ ಮೇಲೆ ಕೂಸು, ಚನ್ನೇಶ್ ಡಿಕ್ಕಿಯಿಂದ ಬ್ಯಾಗು ಇಳಿಸಿ ಜಗಲಿಯ ಮೇಲಿಟ್ಟು ಕೆರೆಯ ಕಡೆ ತಿರುಗಿ ನಿಂತ. ದೀಪಿಕಾ ಎದ್ದು ಮುಖ ಒರೆಸಿಕೊಂಡು ಕಾರಿನ ಹಿಂದಿನ ಬಾಗಿಲು ತೆರೆದಳು, ಬಾರೇ ಅಂಬಿ, ಬಾ ಮಗಳೇ, ಮನೇಗ್ ಬಾ. ಅಂಬಿ ಅಮ್ಮನನ್ನು ನೋಡಿದಳು. ಇನ್ನೊಂದು ಬದಿಯಿಂದ ಮಧುಶ್ರೀ ಬಾಗಿಲು ತೆರೆದಳು, ಇಳಿ ಕಂದ, ಅಂದಳು. ಅಂಬಿ ದೊಡ್ಡಮ್ಮನನ್ನು ನೋಡಿದಳು. ಇಳಿಯಲಿಲ್ಲ. ಬೆಲ್ಟನ್ನು ಹಿಡಿದಿದ್ದಾಳೆ, ಒಳಗಿನ ಪುಟ್ಟ ದೀಪದ ಬೆಳಕಿನಲ್ಲಿ ಗೆಣ್ಣುಗಳು ಬೆಳ್ಳಗಿವೆ, ಬಿಡು ಮಗಳೇ ಅನ್ನುತ್ತಿದ್ದಾಳೆ ದೀಪಿಕಾ, ಬಿಡುತ್ತಿಲ್ಲ, ಮಧುಶ್ರೀ ಸೀಟಿನ ಬದಿಗೆ ಕೈ ಹಾಕಿದಳು, ಬೆಲ್ಟು ಬಿಚ್ಚುವ ಕೆಂಪು ಗುಂಡಿ ಹೆಬ್ಬೆರಳಿಗೆ ಸಿಕ್ಕಿತು, ಒತ್ತಬೇಕು, ಒತ್ತಿದರೆ ಬಿಚ್ಚಿಕೊಳ್ಳುತ್ತದೆ, ಒತ್ತಿದರೆ ಏನು ಬಿಚ್ಚಿಕೊಳ್ಳುತ್ತದೆ, ಆ ಮುಷ್ಟಿ, ಒಂದರ ಕೆಳಗೊಂದು, ಆ ಎರಡು ಮುಷ್ಟಿ, ಕಪ್ಪು ಪಟ್ಟಿಯ ಮೇಲೆ ಬೆಳ್ಳಗಿನ ಗೆಣ್ಣು, ಬಿಡು ಕಂದ, ಬಿಡುತ್ತಿಲ್ಲ, ಹಠ ಮಾಡದ ಮಗುವಿನ ಮುಷ್ಟಿ ಬಿಡುತ್ತಿಲ್ಲ, ಹೆಬ್ಬೆರಳು ಗುಂಡಿಯ ಮೇಲಿದೆ, ಮುಷ್ಟಿ ಬೆಲ್ಟಿನ ಮೇಲಿದೆ